ರಕ್ಷಣೆಯ ಬೇಲಿ, ಅರಿವಿನ ಹೊಣೆ

ಉಳಿಸಬೇಕೆಂಬ ಉದ್ದೇಶದಿಂದಲೇ ಕೂಡಿಹಾಕಿದ ಜೀವಿಯು ಆ ಬಂಧನದ ಕಾರಣದಿಂದಲೇ ಸತ್ತರೆ ಅದನ್ನು ಹಿಂಸೆಯೆನ್ನಬಹುದೆ? ಇಂಗ್ಲೆಂಡಿನ ಸೆವರ್ನ್ ನದಿಯ ಬಳಿಯಿರುವ ಸ್ಲಿಂಬ್ರಿಜ್‌ನ ಕೊಳಗಳು ಈ ಪ್ರಶ್ನೆಯನ್ನು ಮುಂದಿಡುತ್ತವೆ.

ಪೀಟರ್ ಸ್ಕಾಟ್ ಅವರು 1946ರಲ್ಲಿ ಅಲ್ಲಿ ಜಲಪಕ್ಷಿಗಳ ಆಶ್ರಯಧಾಮವೊಂದನ್ನು ಸ್ಥಾಪಿಸಿದರು. ಹವಾಯಿ ದ್ವೀಪಗಳ ನೇನೇ ಎಂಬ ಹೆಬ್ಬಾತು ಕಾಡಿನಲ್ಲಿ ಸುಮಾರು 30ರಷ್ಟೇ ಉಳಿದಿದ್ದಾಗ, 1950ರಲ್ಲಿ ಕೆಲವನ್ನು ಇಲ್ಲಿಗೆ ತಂದು ಸಂತತಿ ಬೆಳೆಸಿ, 1962ರಿಂದ ತಾಯ್ನಾಡಿಗೆ ಮರಳಿಸಲಾಯಿತು. ಬೇಲಿಯೊಳಗಿನ ಪಾಲನೆಯೆಲ್ಲವೂ ಅಧರ್ಮವೆಂದು ತಳ್ಳಿಹಾಕುವವರು ಈ ಸಂಗತಿಯನ್ನು ಮರೆಯುವಂತಿಲ್ಲ.

ಆದರೆ ಅದೇ ಬೇಲಿಯೊಳಗೆ ಅಸ್ಸಾಮಿನ ದೇವಹಾಂಹಕ್ಕೆ ಒದಗಿದ ಗತಿಯೇ ಬೇರೆ. ಆ ರಾಜ್ಯದ ಪಕ್ಷಿಯೆನಿಸಿದ ಈ ಬಿಳಿರೆಕ್ಕೆಯ ಕಾಡುಬಾತು, ದಟ್ಟಡವಿಯ ನೆರಳಿನ ಮಡುಗಳಲ್ಲಿ ಜೋಡಿಯಾಗಿಯೋ ಚಿಕ್ಕ ಗುಂಪಾಗಿಯೋ ಬಾಳುವ ಸಂಕೋಚದ ಜೀವಿ. ಸ್ಲಿಂಬ್ರಿಜ್‌ನಲ್ಲಿ ಬೆಳೆದ ಇದರ ಸಂತತಿಯಲ್ಲಿ ಪ್ರಾಯಕ್ಕೆ ಬಂದ ಅನೇಕ ಹಕ್ಕಿಗಳನ್ನು ಕ್ಷಯರೋಗವು ಬಲಿ ತೆಗೆದುಕೊಂಡಿತು. ಮೈಕೋಬ್ಯಾಕ್ಟೀರಿಯಂ ಏವಿಯಂ ಎಂಬ ಈ ರೋಗಾಣು ಪೀಡಿತ ಹಕ್ಕಿಯ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಅಡವಿಯ ಹಕ್ಕಿಯಾದರೆ ಮಡುವನ್ನು ಬದಲಿಸೀತು. ಕೂಡಿಟ್ಟ ಹಕ್ಕಿ ನೆರೆಯ ಹಕ್ಕಿಗಳ ಹಿಕ್ಕೆ ಬಿದ್ದ ನೆಲದಲ್ಲಿಯೇ ದಿನವೂ ಮೇಯಬೇಕು. ರೋಗವು ಒಳಗೊಳಗೇ ತಿನ್ನುತ್ತದೆ. ಎದೆಯ ಮಾಂಸ ಕರಗಿ ಎಲುಬು ಕೈಗೆ ಸಿಗುವವರೆಗೂ ಹೊರಗಿನಿಂದ ಗುರುತಿಸುವುದು ಕಷ್ಟ. ಹಕ್ಕಿಗಳಿಗೆ ನೆಚ್ಚಬಹುದಾದ ಲಸಿಕೆಯಿಲ್ಲ, ಚಿಕಿತ್ಸೆಯೂ ಇಲ್ಲವೆಂದೇ ಹೇಳಬೇಕು.

ಮೊದಲ ಹಕ್ಕಿಯ ಸಾವಿಗೆ ಪಾಲಕನನ್ನು ದೂಷಿಸುವುದು ನ್ಯಾಯವಲ್ಲ, ಅವನು ಅರಿಯನು. ಆದರೆ ನೆಲವೇ ರೋಗದ ಮನೆಯೆಂದು ತಿಳಿದ ಮೇಲೆ ಮುಂದಿನ ಮರಿಯನ್ನು ಅದೇ ನೆಲಕ್ಕೆ ಬಿಡುವುದು ಬೇರೆಯೇ ಕೃತ್ಯ. ಹೊರನೋಟಕ್ಕೆ ಎರಡೂ ಒಂದೇ. ನಡುವೆ ಅರಿವು ಬಂದು ನಿಂತಿದೆ. ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಪ್ರಾಚೀನರು ಹೊಡೆತದೊಡನೆ ಬಂಧವನ್ನೂ ಸೇರಿಸಿದ್ದು ಇಲ್ಲಿ ನೆನಪಿಗೆ ಬರುತ್ತದೆ. ಕೂಡಿಹಾಕಿದವನು ಪಾರಾಗುವ ದಾರಿಯನ್ನು ಮುಚ್ಚಿರುತ್ತಾನೆ; ಆದುದರಿಂದ ಹಕ್ಕಿ ತಾನೇ ಮಾಡಿಕೊಳ್ಳಬಹುದಾಗಿದ್ದ ರಕ್ಷಣೆಯ ಹೊಣೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಸಂತತಿ ಉಳಿಯಿತೆಂಬ ಲೆಕ್ಕದಿಂದ ಆ ಹೊಣೆ ತೀರದು. ನರಳುವುದು ಸಂತತಿಯಲ್ಲ, ಒಂದೊಂದು ಹಕ್ಕಿ.

ಉಪಾಯವೇನೋ ಇದೆ. ಈ ರೋಗ ಮೊಟ್ಟೆಯ ಮೂಲಕ ದಾಟುವುದು ಅಪರೂಪ. ಮೊಟ್ಟೆಗಳನ್ನು ಎತ್ತಿ ತಂದು, ಹಿಂದೆ ಹಕ್ಕಿಗಳಿರದ ನೆಲದಲ್ಲಿ, ಕಡಿಮೆ ಸಂಖ್ಯೆಯಲ್ಲಿ ಮರಿಗಳನ್ನು ಬೆಳೆಸಬಹುದು. ಆಗ ಮರಿ ರೋಗದಿಂದ ಪಾರಾಗುವ ಸಂಭವ ಹೆಚ್ಚು. ತಾಯಿಯ ರೆಕ್ಕೆಯಡಿ ಮಾತ್ರ ಅದು ಒಂದು ದಿನವೂ ಇರುವುದಿಲ್ಲ.