ಪರವೇದನೆಗೆ ಪ್ರಮಾಣವೇನು?

ಪರರ ವೇದನೆಯನ್ನು ನಾವು ತಿಳಿಯುವದು ಹೇಗೆ? ಈ ಪ್ರಶ್ನೆಯು ಮೇಲುನೋಟಕ್ಕೆ ತರ್ಕಶಾಸ್ತ್ರಕ್ಕೆ ಸೇರಿದುದಾಗಿ ತೋರುವದು. ಆದರೆ ಅದರ ಉತ್ತರದ ಮೇಲೆ ಪ್ರತಿಯೊಂದು ಮನೆಯ ನಡತೆಯು ನಿಂತಿರುವದು. ಕಾಲು ಮುರಿದವನಿಗೆ ನಾವು ಕೂಡಲೆ ಹಾಸಿಗೆ ಹಾಸುತ್ತೇವೆ. ಜ್ವರದಿಂದ ಮೈ ಸುಡುವವನ ಹಣೆಗೆ ತಣ್ಣೀರಿನ ಅರಿವೆಯನ್ನಿಡುತ್ತೇವೆ. ಅಲ್ಲಿ ನಮ್ಮ ಕಣ್ಣೂ ಕೈಯೂ ಸಾಕ್ಷಿಯಾಗಿರುವವು. ‘ತಲೆ ನೋಯುತ್ತದೆ’ ಎಂದವನಿಗಾದರೋ ತನ್ನ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಆ ಮಾತನ್ನು ನಂಬತಕ್ಕದ್ದೆ? ಎಷ್ಟರ ಮಟ್ಟಿಗೆ ನಂಬತಕ್ಕದ್ದು? ನಂಬಿದ ಬಳಿಕ ನಮ್ಮ ಕರ್ತವ್ಯವೇನು? ಈ ಮೂರು ಸಂಗತಿಗಳನ್ನು ವಾಚಕರ ಮುಂದಿಟ್ಟು ವಿಚಾರಿಸುವದೇ ಈ ಲೇಖನದ ಉದ್ದೇಶವು.

ವಿಚಾರವು ಆಧಾರವಿಲ್ಲದೆ ತೇಲಬಾರದಾದುದರಿಂದ ಒಂದು ವ್ಯಾಧಿಯನ್ನು ಉದಾಹರಣೆಗೆ ತೆಗೆದುಕೊಳ್ಳುವೆನು. ಇಂದಿನ ವೈದ್ಯರು ಅದನ್ನು ಕ್ಲಸ್ಟರ್ ತಲೆನೋವೆಂದು ಕರೆಯುವರು. ಗೊನೆಯಲ್ಲಿ ಕಾಯಿಗಳು ಒತ್ತಾಗಿರುವಂತೆ, ಇದರ ಆವೇಗಗಳು ಕೆಲವು ವಾರ ಅಥವಾ ಕೆಲವು ತಿಂಗಳು ಒತ್ತೊತ್ತಾಗಿ ಬಂದು, ಆ ಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ಸುಳಿವಿಲ್ಲದೆ ಹೋಗುವದರಿಂದ ಈ ಹೆಸರು ಬಂದಿತು. ನೋವು ಸದಾ ಒಂದೇ ಪಕ್ಕದಲ್ಲಿ, ಕಣ್ಣಿನ ಹಿಂದೆ ಅಥವಾ ಕಪೋಲದ ಮೇಲಿನ ಕಣತಲೆಯಲ್ಲಿ ಏಳುವದು. ಆ ಪಕ್ಕದ ಕಣ್ಣು ಕೆಂಪಾಗಿ ನೀರು ಸುರಿಯುವದು, ಮೂಗು ಕಟ್ಟುವದು ಅಥವಾ ಸೋರುವದು, ರೆಪ್ಪೆಯು ಜೋಲುವದು. ಒಂದೊಂದು ಆವೇಗವು ೧೫ ನಿಮಿಷದಿಂದ ೩ ಗಂಟೆಯ ವರೆಗೆ ಇರುವದು. ದಿನ ಬಿಟ್ಟು ದಿನಕ್ಕೊಮ್ಮೆಯಿಂದ ಹಿಡಿದು ದಿನಕ್ಕೆ ೮ ಸಲದ ವರೆಗೂ ಬರುವದುಂಟು. ಅರೆತಲೆನೋವಿನವನು ಕತ್ತಲೆಯ ಕೋಣೆಯನ್ನು ಹುಡುಕಿ ಮಿಸುಕದೆ ಮಲಗುವನು. ಇವನಾದರೋ ಮಲಗಲಾರದೆ, ಕೂಡಲಾರದೆ, ನಡುರಾತ್ರಿಯಲ್ಲಿ ಎದ್ದು ಅಂಗಳದಲ್ಲಿ ತಿರುಗುವನು, ಗೋಡೆಗೆ ಹಣೆಯನ್ನು ಒತ್ತುವನು. ಸಾವಿರಕ್ಕೆ ಸುಮಾರು ಒಬ್ಬರಿಗೆ ಬರುವ ಈ ರೋಗವು ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಮನುಷ್ಯನು ಅನುಭವಿಸುವ ಅತಿ ತೀವ್ರವಾದ ನೋವುಗಳಲ್ಲಿ ಇದೊಂದೆಂದು ವೈದ್ಯರು ಎಣಿಸುತ್ತಾರೆ.

ಲಂಡನ್ನಿನ ವಿಲ್‌ಫ್ರೆಡ್ ಹ್ಯಾರಿಸ್ ಎಂಬ ವೈದ್ಯನು ೧೯೨೬ರಲ್ಲಿಯೂ ಅಮೇರಿಕದ ಮೇಯೊ ಚಿಕಿತ್ಸಾಲಯದ ಬೇಯರ್ಡ್ ಹಾರ್ಟನ್ ಎಂಬವನು ೧೯೩೯ರಲ್ಲಿಯೂ ಇದರ ಲಕ್ಷಣಗಳನ್ನು ವರ್ಣಿಸಿದರು. ನಮ್ಮ ಸುಶ್ರುತನು ಉತ್ತರತಂತ್ರದಲ್ಲಿ ಹನ್ನೊಂದು ಶಿರೋರೋಗಗಳನ್ನು ಹೇಳುವಾಗ, ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ಸೂರ್ಯಾವರ್ತವನ್ನು ಹೆಸರಿಸಿರುವನು. ಅದೇ ಇದೆಂದು ಸಾಧಿಸುವದು ನನ್ನ ಇಷ್ಟವಲ್ಲ. ತಲೆನೋವುಗಳಿಗೆ ಕಾಲನಿಯಮವುಂಟೆಂಬದನ್ನು ಪ್ರಾಚೀನರು ಬಲ್ಲವರಾಗಿದ್ದರೆಂಬಷ್ಟೇ ಅಭಿಪ್ರಾಯವು. ಈ ರೋಗವು ಅನೇಕರಲ್ಲಿ ಪ್ರತಿದಿನವೂ ಒಂದೇ ಗಳಿಗೆಗೆ, ಹೆಚ್ಚಾಗಿ ನಿದ್ದೆ ಹತ್ತಿದ ಒಂದೆರಡು ಗಂಟೆಯ ಮೇಲೆ, ತಪ್ಪದೆ ಬರುವದು. ಮೆದುಳಿನ ತಳದಲ್ಲಿ ದೇಹದ ಕಾಲಗಣನೆಯನ್ನು ನಡೆಸುವ ಹೈಪೋಥಲಮಸ್ ಎಂಬ ಭಾಗವು ಆವೇಗದ ಸಮಯದಲ್ಲಿ ಕ್ರಿಯಾಶೀಲವಾಗುವದನ್ನು ೧೯೯೮ರಲ್ಲಿ ಯಂತ್ರಚಿತ್ರಗಳ ಮೂಲಕ ಕಂಡುಕೊಂಡರು.

ಇನ್ನು ನಮ್ಮ ಸೀಮೆಯ ಸ್ಥಿತಿಯನ್ನು ನೋಡಿರಿ. ದೇವದುರ್ಗದಿಂದಲೂ ಮಾನ್ವಿಯಿಂದಲೂ ರಾಯಚೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ರಾತ್ರಿ ಒಂದು ಗಂಟೆಗೆ ನೋವು ಎದ್ದರೆ ಬಸ್ಸಿಲ್ಲ. ಬೆಳಗಿನ ಬಸ್ಸಿಗೆ ಹೊರಟವನು ದವಾಖಾನೆಯ ಸಾಲಿನಲ್ಲಿ ನಿಂತು ವೈದ್ಯರ ಮುಂದೆ ಬರುವ ಹೊತ್ತಿಗೆ ನೋವು ಇಳಿದುಹೋಗಿರುವದು, ಕಣ್ಣು ಬೆಳ್ಳಗಾಗಿರುವದು, ನಾಡಿಯು ಸರಿಯಾಗಿರುವದು. ವೈದ್ಯರಿಗೆ ಕಾಣುವವನು ಆರೋಗ್ಯವಂತನಾದ ಒಬ್ಬ ಗೃಹಸ್ಥನು. ರೋಗವು ತನ್ನ ಸಾಕ್ಷ್ಯವನ್ನು ತಾನೇ ಅಳಿಸಿಕೊಂಡು ಹೋಗಿರುತ್ತದೆ. ಹೀಗಾಗಿ ಇಂಥವರಿಗೆ ಸರಿಯಾದ ರೋಗನಿರ್ಣಯವು ದೊರೆಯುವದಕ್ಕೆ ಎಲ್ಲ ದೇಶಗಳಲ್ಲಿಯೂ ಬಹುಕಾಲ, ಅನೇಕರಿಗೆ ವರ್ಷಗಳೇ, ಹಿಡಿಯುವವು. ಅಷ್ಟರಲ್ಲಿ ಹಲ್ಲಿನ ನೋವೆಂದು ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡವರೂ, ಮೂಗಿನ ಕುಹರಗಳಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರೂ ಇದ್ದಾರೆ. ನನ್ನ ಪರಿಚಯದ ಅರಳೆ ವ್ಯಾಪಾರಿಯೊಬ್ಬರು ಎರಡು ದವಡೆಹಲ್ಲುಗಳನ್ನು ಹೀಗೆಯೇ ಕಳೆದುಕೊಂಡರು. ‘ಹಲ್ಲು ಹೋದುದಕ್ಕೆ ನನಗೆ ವ್ಯಥೆಯಿಲ್ಲ, ಮಾಸ್ತರರೇ, ಮನೆಯವರೇ ಇದು ಸೋಗೆಂದು ತಿಳಿದದ್ದು ಮಾತ್ರ ಮರೆಯದು’ ಎಂದು ಅವರು ಹೇಳಿದರು.

ಈ ಮಾತೇ ನಮ್ಮನ್ನು ಮೊದಲಿನ ಪ್ರಶ್ನೆಗೆ ತಂದು ನಿಲ್ಲಿಸುವದು. ನೈಯಾಯಿಕರ ಮತದಲ್ಲಿ ಸುಖದುಃಖಗಳು ಆತ್ಮಗುಣಗಳು. ಅವು ಮಾನಸಪ್ರತ್ಯಕ್ಷಕ್ಕೆ ಮಾತ್ರ ಗೋಚರವಾದವುಗಳು. ಒಬ್ಬನ ದುಃಖವನ್ನು ಪ್ರತ್ಯಕ್ಷವಾಗಿ ತಿಳಿಯುವವನು ಅವನೊಬ್ಬನೇ. ಉಳಿದವರಿಗೆ ಇರುವ ದಾರಿಗಳು ಎರಡೇ: ಒಂದು ಅನುಮಾನ, ಇನ್ನೊಂದು ಶಬ್ದ. ಕೆಂಪಾದ ಕಣ್ಣನ್ನು ಕಂಡು ಊಹಿಸಬಹುದು. ಆ ಗುರುತು ಮಾಸಿದ ಮೇಲೆ ಅವನ ಮಾತನ್ನೇ ಆಶ್ರಯಿಸಬೇಕು. ಮಾತು ಪ್ರಮಾಣವಾಗುವದು ಆಪ್ತನದಾದರೆ ಮಾತ್ರ. ಆಪ್ತನಾರು? ವಿಷಯವನ್ನು ಸಾಕ್ಷಾತ್ತಾಗಿ ಕಂಡವನು, ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟವಾಗಿ ಹೇಳಿರುವನು. ಎಂದಮೇಲೆ ತನ್ನ ನೋವಿನ ವಿಷಯದಲ್ಲಿ ಹೊಲದ ಕೂಲಿಯವನೂ ಆಪ್ತನೇ. ಆ ವಿಷಯದಲ್ಲಿ ಅವನಿಗಿಂತ ಬಲ್ಲ ಪಂಡಿತನು ಲೋಕದಲ್ಲಿಲ್ಲ.

ಆದರೆ ಇಲ್ಲಿ ಒಂದು ಆಕ್ಷೇಪವುಂಟು. ನೋವಿನ ನೆವವನ್ನು ಹೇಳಿ ಕೆಲಸ ತಪ್ಪಿಸಿಕೊಳ್ಳುವವರು ಲೋಕದಲ್ಲಿಲ್ಲವೆ? ಇದ್ದಾರೆ, ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವನಿಗೆ ಸೋಮವಾರದ ಹೊಟ್ಟೆನೋವುಗಳ ಪರಿಚಯವು ಚೆನ್ನಾಗಿರುವದು. ಆದರೆ ಎರಡು ವಿಧದ ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ತೂಗಿರಿ. ಸುಳ್ಳು ಹೇಳಿದವನನ್ನು ನಂಬಿದರೆ ನಮಗೆ ಒಂದು ದಿನದ ಕೆಲಸವೋ ಒಂದಿಷ್ಟು ದುಡ್ಡೋ ನಷ್ಟವಾಗುವದು. ನಿಜವನ್ನು ಹೇಳಿದವನನ್ನು ನಂಬದಿದ್ದರೆ ಅವನಿಗೆ ನೋವಿನ ಜೊತೆಗೆ ಅವಮಾನವನ್ನೂ ಏಕಾಂತವನ್ನೂ ಕೊಟ್ಟಂತಾಗುವದು. ಮೊದಲನೆಯದು ಸಹಿಸತಕ್ಕ ನಷ್ಟ, ಎರಡನೆಯದು ಹಿಂಸೆ. ಸಂಶಯದ ಸ್ಥಳದಲ್ಲಿ ಯಾವ ಕಡೆಗೆ ವಾಲತಕ್ಕದ್ದೆಂಬದನ್ನು ಇನ್ನು ಬೇರೆ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ನಮ್ಮ ನೆಲದ ಐತಿಹ್ಯವೊಂದು ಬೋಧಪ್ರದವಾಗಿರುವದು. ಹರಿಕಥಾಮೃತಸಾರವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರಾಗಿದ್ದರು. ಚೀಕಲಪರ್ವಿಯ ವಿಜಯದಾಸರು ಭೋಜನಕ್ಕೆ ಕರೆಯಲು, ಕನ್ನಡದ ಪದಗಳನ್ನು ಹಾಡುವವರ ಪಂಕ್ತಿಗೆ ಹೋಗಲೊಲ್ಲದೆ, ಹೊಟ್ಟೆನೋವೆಂಬ ನೆವವನ್ನು ಹೇಳಿಕಳುಹಿದರಂತೆ. ಕೆಲವು ಕಾಲದಲ್ಲಿಯೇ ಅವರಿಗೆ ನಿಜವಾದ ಉದರಶೂಲೆಯು ಹತ್ತಿತು. ಯಾವ ಉಪಾಯವೂ ಸಾಗದೆ ವಿಜಯದಾಸರ ಬಳಿಗೆ ಬಂದಾಗ, ಅವರು ತಮ್ಮ ಶಿಷ್ಯರಾದ, ದೇವದುರ್ಗ ಸೀಮೆಯ ಮೊಸರುಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದು ಕಾಪಾಡಿದರೆಂದು ಪ್ರತೀತಿಯು.

ಗರ್ವಭಂಗದ ದೃಷ್ಟಾಂತವೆಂದು ಈ ಕಥೆಯನ್ನು ಹೇಳುವದು ರೂಢಿಯಾಗಿದೆ. ಅದನ್ನು ವಿಜಯದಾಸರ ಕಡೆಯಿಂದಲೂ ನೋಡತಕ್ಕದ್ದು. ಮೊದಲೊಮ್ಮೆ ಸುಳ್ಳು ನೋವನ್ನು ಹೇಳಿದವನೇ ಈಗ ನೋವೆಂದು ಬಂದು ನಿಂತಿದ್ದಾನೆ. ‘ಇದೂ ಆ ದಿನದ ಹೊಟ್ಟೆನೋವೇ ಏನು?’ ಎಂದು ಕೇಳುವ ಅಧಿಕಾರವು ಯಾರಿಗಾದರೂ ಇದ್ದರೆ ಅದು ಅವರಿಗಿತ್ತು. ಅವರು ಹಾಗೆ ಕೇಳಲಿಲ್ಲ. ಹಿಂದೆ ಸುಳ್ಳಾಡಿದವನಿಗೂ ಇಂದಿನ ನೋವು ನಿಜವಾಗಿರಬಲ್ಲದೆಂಬದನ್ನು ಒಪ್ಪಿದರು. ಅಷ್ಟಕ್ಕೆ ನಿಲ್ಲದೆ, ಅದನ್ನು ಪರಿಹರಿಸಬಲ್ಲವರು ಯಾರೋ ಅವರ ಬಳಿಗೆ ದಾರಿ ತೋರಿಸಿದರು.

ನಂಬಿದ ಬಳಿಕ ಮಾಡತಕ್ಕದ್ದು ಇದೇ. ಬರಿಯ ಮರುಕವು ಸಾಲದು. ಹಲ್ಲು ಕೀಳಿಸಲು ಕರೆದೊಯ್ದವರಲ್ಲಿಯೂ ಮರುಕವೇನು ಕಡಿಮೆಯಿರಲಿಲ್ಲ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳುವ ಚರಕನು, ತನ್ನ ರೋಗವನ್ನು ಸರಿಯಾಗಿ ತಿಳಿಯಪಡಿಸುವದನ್ನು ರೋಗಿಯ ಗುಣಗಳಲ್ಲಿ ಒಂದೆಂದು ಎಣಿಸಿರುವನು. ಈ ವ್ಯಾಧಿಯಲ್ಲಿ ಆ ಗುಣವೇ ಪ್ರಧಾನವಾದುದು. ಆವೇಗವು ಯಾವ ದಿನ, ಎಷ್ಟು ಗಂಟೆಗೆ ಬಂದಿತು, ಎಷ್ಟು ಹೊತ್ತು ಇದ್ದಿತು, ಯಾವ ಪಕ್ಕ, ಕಣ್ಣಿನಲ್ಲಿ ನೀರು ಬಂದಿತೋ ಇಲ್ಲವೋ ಎಂಬದನ್ನು ಬರೆದಿಡಬೇಕು. ನೋವಿನಿಂದ ಒದ್ದಾಡುವವನು ಬರೆಯಲಾರನಾದುದರಿಂದ ಇದು ಪರಿಚಾರಕರ, ಎಂದರೆ ಮನೆಯವರ, ಕೆಲಸವು. ಇಂದು ಪ್ರತಿಯೊಂದು ಮನೆಯಲ್ಲಿಯೂ ಇರುವ ಮೊಬೈಲಿನಿಂದ ಕೆಂಪಾದ ಕಣ್ಣಿನ ಚಿತ್ರವನ್ನು ತೆಗೆದಿಟ್ಟರೆ, ಅಳಿದುಹೋಗುವ ಸಾಕ್ಷ್ಯವು ಉಳಿದು ವೈದ್ಯರ ಮುಂದೆ ಮಾತಾಡುವದು.

ಚಿಕಿತ್ಸೆಯೇನೋ ಇಲ್ಲದಿಲ್ಲ. ನಾವು ಅಂಗಡಿಯಲ್ಲಿ ಕೊಳ್ಳುವ ಸಾಧಾರಣ ಗುಳಿಗೆಯು ಕರಗಿ ಕೆಲಸ ಮಾಡುವದರೊಳಗೆ ಆವೇಗವೇ ಮುಗಿದಿರುವದು, ಅದರಿಂದ ಫಲವಿಲ್ಲ. ಮುಖಕ್ಕೆ ಬಿಗಿಯಾದ ಮುಸುಕನ್ನಿಟ್ಟು ಶುದ್ಧವಾದ ಆಮ್ಲಜನಕವನ್ನು ನಿಮಿಷಕ್ಕೆ ೧೨ ಲೀಟರಿನಂತೆ ೧೫ ನಿಮಿಷ ಉಸಿರಾಡಿಸಿದರೆ ಬಹುಜನರಿಗೆ ನೋವು ಅಡಗುವದು. ೨೦೦೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆಮ್ಲಜನಕವನ್ನು ಪಡೆದಾಗ ನೂರಕ್ಕೆ ೭೮ ಆವೇಗಗಳೂ, ಬರಿಯ ಗಾಳಿಯನ್ನು ಪಡೆದಾಗ ೨೦ ಆವೇಗಗಳೂ ಶಮನವಾದವು. ಹೃದ್ರೋಗವಿಲ್ಲದವರಿಗೆ ಸುಮಾಟ್ರಿಪ್ಟಾನ್ ಎಂಬ ಚುಚ್ಚುಮದ್ದೂ ಉಂಟು. ಆವೇಗಗಳನ್ನು ತಡೆಯುವದಕ್ಕೆ ವೆರಾಪಮಿಲ್ ಎಂಬ ಗುಳಿಗೆಯನ್ನು, ಹೃದಯದ ಇ.ಸಿ.ಜಿ. ಪರೀಕ್ಷೆಯನ್ನು ಮಾಡುತ್ತ, ಕೊಡುವರು. ಆವೇಗಗಳ ಕಾಲದಲ್ಲಿ ಮದ್ಯವು ನೋವನ್ನು ಎಬ್ಬಿಸುವದಾದುದರಿಂದ ಅದನ್ನು ಮುಟ್ಟಲಾಗದು. ಇವೆಲ್ಲವೂ ವೈದ್ಯರ ಅಪ್ಪಣೆಯಿಂದಲೇ ಆಗತಕ್ಕವು. ಬೇರೆ ರೋಗವು ಅಡಗಿಲ್ಲವೆಂಬದನ್ನು ಅವರು ಮೊದಲು ಪರೀಕ್ಷಿಸಬೇಕಾಗುವದು.

ಕೊರೊನಾ ಮಾರಿಯ ೨೦೨೧ನೆಯ ವರ್ಷದಿಂದ ಆಮ್ಲಜನಕದ ಸಿಲಿಂಡರು ಯಾವ ತಾಲೂಕಿನವರಿಗೂ ಅಪರಿಚಿತವಾಗಿ ಉಳಿದಿಲ್ಲ. ಸುಮಾರು ೧,೫೦೦ ಲೀಟರು ಹಿಡಿಯುವ ಸಣ್ಣ ಸಿಲಿಂಡರಿನಿಂದ ಇಂಥ ಎಂಟು ಆವೇಗಗಳನ್ನು ತಡೆಯಬಹುದು. ನಡುರಾತ್ರಿಯಲ್ಲಿ ಬಂದವನಿಗೆ ಹದಿನೈದು ನಿಮಿಷದ ಉಸಿರನ್ನು ಕೊಡುವದಕ್ಕೆ ದೊಡ್ಡ ಕಟ್ಟಡವಾಗಲಿ ಹೆಚ್ಚಿನ ವೆಚ್ಚವಾಗಲಿ ಬೇಕಾಗಿಲ್ಲ. ಇವನು ಸುಳ್ಳಾಡುವದಿಲ್ಲವೆಂಬ ನಂಬಿಕೆ ಮತ್ತು ಇದಕ್ಕೆ ಇದು ಮದ್ದೆಂಬ ತಿಳಿವಳಿಕೆ, ಇವೆರಡೇ ಬೇಕು.

ದೊಡ್ಡ ವೈದ್ಯಶಾಲೆಗಳು ಬೇಡವೆಂದು ಇದರ ಅರ್ಥವಲ್ಲ. ಡಾ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳನ್ನು ಎಣಿಸಿದಾಗ ದೇವದುರ್ಗವೂ ಮಾನ್ವಿಯೂ ಆ ಪಟ್ಟಿಯಲ್ಲಿದ್ದವು. ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯು ೨೦೦೭ರಲ್ಲಿ ಹುಟ್ಟಿತು. ಏಮ್ಸ್ ಸಂಸ್ಥೆಯು ರಾಯಚೂರಿಗೆ ಬೇಕೆಂದು ೨೦೨೨ರ ಮೇ ತಿಂಗಳಿನಲ್ಲಿ ಕುಳಿತ ಧರಣಿಯು ೨೦೨೫ರಲ್ಲಿ ಸಾವಿರ ದಿನಗಳನ್ನು ದಾಟಿತು. ಈ ಧರಣಿಯ ತಿರುಳೂ ನಮ್ಮ ಪ್ರಶ್ನೆಯೇ ಅಲ್ಲವೆ? ‘ನಮಗೆ ನೋವಿದೆ’ ಎಂದು ಒಂದು ಜಿಲ್ಲೆಯೇ ಹೇಳುತ್ತಿರುವಾಗ, ದೂರದಲ್ಲಿರುವವರು ಆ ಮಾತನ್ನು ಪ್ರಮಾಣವೆಂದು ಒಪ್ಪುವರೋ ಇಲ್ಲವೋ ಎಂಬದೇ ಅಲ್ಲಿಯೂ ವಿಷಯವು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಈ ನೋವಿನ ದೆಸೆಯಿಂದ ಜೀವವೇ ಬೇಡವೆಂದು ಕೆಲವರಿಗೆ ಅನಿಸುವದುಂಟು. ಅಂಥ ಮಾತು ಬಾಯಿಂದ ಬಂದರೆ ಅದನ್ನೂ ನಂಬಿರಿ. ಅವನನ್ನು ಒಬ್ಬನನ್ನೇ ಬಿಡಬೇಡಿರಿ. ಟೆಲಿ-ಮಾನಸ್ ಎಂಬ ಸರಕಾರದ ಸಹಾಯವಾಣಿಗೆ, ೧೪೪೧೬ಕ್ಕೆ, ಹಗಲು ರಾತ್ರಿ ಯಾವಾಗಲಾದರೂ ಕರೆಮಾಡಿರಿ. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಅವನೊಡನೆ ಅಂಗಳದಲ್ಲಿ ಎಚ್ಚತ್ತು ಕುಳಿತವರಿಂದ ನೋವು ಇಳಿಯದಿರಬಹುದು; ಆದರೆ ಬೆಳಗಾದ ಮೇಲೆ ಅವನೊಡನೆ ದವಾಖಾನೆಗೆ ಹೋಗಿ, ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ಹೇಳುವವರು ಅವರೇ.