ಹೂವಿನಲ್ಲೇ ಹೊಕ್ಕ ಕೊಳೆ

ಜೂನ್ ಮೂರನೇ ವಾರ ಕಳೆದು ಆರಿದ್ರಾ ಮಳೆ ಹುಟ್ಟಿತೆಂದರೆ ಶ್ವೇತಾಂಬರ ಜೈನರ ಅನೇಕ ಮನೆಗಳಲ್ಲಿ ಮಾವಿನಹಣ್ಣು ಆ ವರ್ಷಕ್ಕೆ ನಿಂತಿತು. ಆ ನಕ್ಷತ್ರ ಕಾಲಿಟ್ಟ ಮೇಲೆ ಹಣ್ಣಿನೊಳಗೆ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ತಿಂದರೆ ಹಿಂಸೆ ಎಂಬುದು ಅವರ ನಂಬಿಕೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಂಡಿಗಳಲ್ಲಿ ಆಗಿನ್ನೂ ತೋತಾಪುರಿಯ ರಾಶಿ ಕರಗಿರುವುದಿಲ್ಲ.

ಈ ನೇಮವನ್ನು ಬರೀ ಮಡಿಯೆಂದು ತಳ್ಳಿಹಾಕುವುದು ತಪ್ಪು. ಮಾವಿನ ಚಿಬ್ಬು ರೋಗದ ಶಿಲೀಂಧ್ರ ಹರಡುವುದೇ ಮಳೆಹನಿಯಿಂದ. ಹೂವಿನಲ್ಲೋ ಮಿಡಿಯಲ್ಲೋ ಸೇರಿಕೊಂಡು, ಸಿಪ್ಪೆಯಡಿ ವಾರಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಕಾಯಿಯ ಸಿಪ್ಪೆಯಲ್ಲಿ ಅದನ್ನು ತಡೆದಿಡುವ ರಾಸಾಯನಿಕಗಳಿವೆ. ಮಾಗುತ್ತ ಹೋದಂತೆ ಅವು ಇಳಿಯುತ್ತವೆ. ಹೊಂಬಣ್ಣಕ್ಕೆ ತಿರುಗಿದ ಬಾದಾಮಿ ಮಾವಿನ ಮೇಲೆ ಮೊದಲು ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಆಮೇಲೆ ನಾಲ್ಕಾಣೆಯಗಲ. ಕೊನೆಗೆ ಒತ್ತಿದರೆ ಬೆರಳು ಒಳಗಿಳಿಯುತ್ತದೆ.

ಹಾಗಾದರೆ ಸಾವು ಹಣ್ಣಿಗೆ ಹೊರಗಿನಿಂದ ಬಂದದ್ದೋ, ಹೂವಿನಿಂದಲೇ ಜೊತೆಗಿದ್ದದ್ದೋ?

ಋಗ್ವೇದದ ಮೃತ್ಯುಂಜಯ ಮಂತ್ರ ಸಾವಿನಿಂದ ಬಿಡುಗಡೆ ಬೇಡುವಾಗ ತೊಟ್ಟು ಕಳಚುವ ಸೌತೆ ಜಾತಿಯ ಹಣ್ಣನ್ನು ನೆನೆಯುತ್ತದೆ. ಮಾರುಕಟ್ಟೆಯ ಮಾವಿಗೆ ತಾನಾಗಿ ಕಳಚುವ ಭಾಗ್ಯವಿಲ್ಲ. ಬಲಿತ ಕಾಯನ್ನು ಸ್ವಲ್ಪ ತೊಟ್ಟು ಉಳಿಸಿ ಕತ್ತರಿಸಬೇಕು; ಇಲ್ಲದಿದ್ದರೆ ಸೊನೆ ಚಿಮ್ಮಿ ಸಿಪ್ಪೆ ಸುಡುತ್ತದೆ. ತೊಟ್ಟು ಕೊಳೆ ರೋಗ ಇಳಿಯುವ ದಾರಿಯೂ ಅದೇ ತೊಟ್ಟು.

ಕಿತ್ತ ಕಾಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಅದ್ದಿದರೆ ಮಲಗಿದ್ದ ಶಿಲೀಂಧ್ರ ಬಹುಮಟ್ಟಿಗೆ ಅಡಗುತ್ತದೆ. ಆಮೇಲೆ 13 ಡಿಗ್ರಿಯ ಆಸುಪಾಸಿನ ತಂಪಿನಲ್ಲಿಟ್ಟರೆ ಮಾಗುವುದು ನಿಧಾನವಾಗುತ್ತದೆ. ಇನ್ನೂ ತಂಪು ಕೊಟ್ಟು ಹೆಚ್ಚು ದಿನ ಉಳಿಸಹೊರಟರೆ ಸಿಪ್ಪೆ ಕಂದಿ ಕುಳಿಬೀಳುತ್ತದೆ, ಹೊರಗೆ ತೆಗೆದ ಮೇಲೂ ಕಾಯಿ ಸರಿಯಾಗಿ ಹಣ್ಣಾಗುವುದಿಲ್ಲ. ಮನುಷ್ಯ ಎಷ್ಟು ತಡೆಯಬಹುದು ಎಂಬುದನ್ನು ಹಣ್ಣೇ ಗೊತ್ತುಮಾಡಿದೆ. ಈ ತಡೆಯನ್ನು ಕಾಲದ ವಿರುದ್ಧ ಸೊಕ್ಕು ಎನ್ನಲಾಗದು. ತಿನ್ನುವವರ ಕೈ ಸೇರುವವರೆಗೆ ಕೇಳಿಕೊಂಡ ವಾಯಿದೆ ಇದು. ಸೊಕ್ಕು ಇರುವುದು, ನಿಷೇಧವಿದ್ದರೂ ಕಾರ್ಬೈಡ್ ಹಾಕಿ ಎಳೆಗಾಯಿಗೆ ಹಣ್ಣಿನ ಬಣ್ಣ ಬರಿಸುವಲ್ಲಿ.

ಬಿಸಿನೀರಿನಲ್ಲಿ ಸಾಯುವುದೂ ಜೀವವೇ ಅಲ್ಲವೇ ಎಂದು ಜೈನ ಶ್ರಾವಕರೊಬ್ಬರು ಕೇಳಿದರೆ, ಹೌದು ಎನ್ನದೆ ವಿಧಿಯಿಲ್ಲ. ಅವರು ಹಣ್ಣನ್ನೇ ಬಿಟ್ಟು ಆ ಹಿಂಸೆಯಿಂದ ದೂರ ಉಳಿಯುತ್ತಾರೆ. ಬೆಳೆಗಾರನಿಗೆ ಬಿಡುವ ಅನುಕೂಲವಿಲ್ಲ. ವರ್ಷವಿಡೀ ಹಾಕಿದ ಗೊಬ್ಬರ, ಕೊಟ್ಟ ಕೂಲಿ, ಮಾಡಿದ ಸಾಲ ಎಲ್ಲವೂ ಮಾವಿನ ಕ್ರೇಟುಗಳಲ್ಲಿದೆ. ಮೋಡ ಕವಿಯುವ ಮೊದಲು ಅವು ಲಾರಿ ಹತ್ತಬೇಕು.