ಎರವಲು ಮುನಿಸು

ಅರಿಷಡ್ವರ್ಗಗಳಲ್ಲಿ ಎರಡನೆಯದಾದ ಕ್ರೋಧವನ್ನು ಬಸವಣ್ಣನವರು ಮನೆಯೊಳಗೆ ಹುಟ್ಟಿದ ಕಿಚ್ಚಿಗೆ ಹೋಲಿಸಿದ್ದು ವಾಚಕರಿಗೆ ತಿಳಿದೇ ಇದೆ. ಕೋಪವು ಮೊದಲು ದಹಿಸುವುದು ಕೋಪಿಷ್ಠನನ್ನೇ ಎಂಬುದು ಅಲ್ಲಿಯ ತಾತ್ಪರ್ಯ. ಆದರೆ ಆ ಕಿಚ್ಚನ್ನು ಬೇರೊಬ್ಬನು ತಂದು ನಮ್ಮ ಮನೆಯಲ್ಲಿ ಇಟ್ಟು ಹೋದರೆ? ಇಟ್ಟವನಾರೆಂಬುದೇ ತಿಳಿಯದಿದ್ದರೆ? ಆಗ ಆ ಮುನಿಸು ಯಾರದು?

ಈ ಪ್ರಶ್ನೆ ಬರಿಯ ತರ್ಕದ್ದಲ್ಲ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆದ 2016ನೆಯ ವರ್ಷ, ಮೇ 21ರಂದು, ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಒಂದು ಇಸ್ಲಾಮೀ ಧರ್ಮಕೇಂದ್ರದ ಬಳಿ ಎರಡು ಗುಂಪುಗಳು ಎದುರುಬದುರಾಗಿ ನಿಂತು ಕೂಗಾಡಿದವು. ಟೆಕ್ಸಾಸಿನ ಇಸ್ಲಾಮೀಕರಣವನ್ನು ತಡೆಯಿರೆಂದು ಒಂದು ಗುಂಪು. ಇಸ್ಲಾಮೀ ಜ್ಞಾನವನ್ನು ಉಳಿಸಿರೆಂದು ಇನ್ನೊಂದು. ಮೊದಲಿನವರನ್ನು ಕರೆದದ್ದು ಫೇಸ್‌ಬುಕ್ಕಿನ ‘ಹಾರ್ಟ್ ಆಫ್ ಟೆಕ್ಸಾಸ್’ ಎಂಬ ಪುಟ. ಎರಡನೆಯವರನ್ನು ಕರೆದದ್ದು ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಪುಟ. 2017ರ ನವೆಂಬರಿನಲ್ಲಿ ಅಮೆರಿಕದ ಸೆನೆಟ್ಟಿನ ಸಮಿತಿಯೊಂದರ ವಿಚಾರಣೆಯಲ್ಲಿ ನಿಜಸ್ಥಿತಿ ಹೊರಬಿದ್ದಿತು. ಎರಡು ಪುಟಗಳನ್ನೂ ನಡೆಸುತ್ತಿದ್ದುದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಒಂದೇ ಸಂಸ್ಥೆ, ಇಂಟರ್ನೆಟ್ ರಿಸರ್ಚ್ ಏಜೆನ್ಸಿ! ಅಲ್ಲಿ ಸಂಬಳದ ಜನ ಪಾಳಿಯಲ್ಲಿ ಕುಳಿತು, ತಮ್ಮದಲ್ಲದ ದೇಶದವರ ವೇಷ ತೊಟ್ಟು, ತಮ್ಮದಲ್ಲದ ಕೋಪವನ್ನು ಬರೆಯುತ್ತಿದ್ದರು. ಹ್ಯೂಸ್ಟನ್ನಿನ ಗಲಭೆಗೆ ತಗುಲಿದ ವೆಚ್ಚ ಸುಮಾರು 200 ಡಾಲರು ಎಂದು ಸಮಿತಿಯ ಅಧ್ಯಕ್ಷರು ನುಡಿದರು. ಮನುಷ್ಯನ ವಿವೇಕವು ಇಷ್ಟು ಅಗ್ಗವಾಗಿ ವಿಕ್ರಯವಾದುದನ್ನು ನಾನು ಪುರಾಣಗಳಲ್ಲಿಯೂ ಓದಿಲ್ಲ.

ಹಾಗಾದರೆ ಬೀದಿಗೆ ಬಂದವರು ನಿರ್ದೋಷಿಗಳೇ? ನನಗೆ ಹಾಗೆ ತೋರುವುದಿಲ್ಲ. ಕಿಡಿ ಪರರದು, ಒಣಹುಲ್ಲು ಅವರದೇ. ಅಪರಿಚಿತನು ಸಾಲ ಕೇಳಿದರೆ ನೂರು ಪ್ರಶ್ನೆ ಹಾಕುವ ನಾವು, ಅಪರಿಚಿತನು ನೀಡಿದ ಕೋಪವನ್ನು ಪ್ರಸಾದದಂತೆ ಎರಡೂ ಕೈಯೊಡ್ಡಿ ಸ್ವೀಕರಿಸುತ್ತೇವೆ. ಏಕೆಂದರೆ ಅದು ಕೋಪವೆಂಬ ಹೆಸರಿನಿಂದ ಬರುವುದಿಲ್ಲ. ಧರ್ಮಾಭಿಮಾನ, ನ್ಯಾಯನಿಷ್ಠೆ ಎಂಬ ಹೆಸರುಗಳಿಂದ ಬರುತ್ತದೆ. ಶರಣರು ಗುರುವೆಂದು ಭಾವಿಸಿದ ಅರಿವು ಆ ಹೆಸರುಗಳ ಮುಂದೆ ಬಾಯಿ ಕಟ್ಟಿ ನಿಲ್ಲುತ್ತದೆ.

ಪರರನ್ನೇಕೆ ದೂರಲಿ? ಕೆಲವು ತಿಂಗಳ ಹಿಂದೆ, ನಮ್ಮ ಸಮಾಜದ ಹಿರಿಯರೊಬ್ಬರನ್ನು ಯಾರೋ ಹೀನವಾಗಿ ನಿಂದಿಸಿದರೆಂಬ ಬರಹವೊಂದು ನನ್ನ ಮೊಬೈಲಿಗೂ ಬಂದಿತು. ಎಲ್ಲಿ, ಎಂದು, ಯಾವ ಸಭೆಯಲ್ಲಿ ಎಂಬುದೊಂದೂ ಅದರಲ್ಲಿರಲಿಲ್ಲ. ಹುಡುಗರಿಗೆ ಪ್ರಮಾಣಗಳ ಪಾಠ ಹೇಳುವ ನಾನು ಅದನ್ನು ಹನ್ನೊಂದು ಜನಕ್ಕೆ ಕಳುಹಿಸಿಯೇ ಊಟಕ್ಕೆದ್ದೆ. ಮರುದಿನ ಹಳೆಯ ಶಿಷ್ಯನೊಬ್ಬನು, “ಗುರುಗಳೇ, ಇದನ್ನು ಬರೆದವರು ಯಾರು?” ಎಂದು ವಿನಯದಿಂದಲೇ ಕೇಳಿದನು. ಅದು ನನಗೆ ಇಂದಿಗೂ ತಿಳಿಯದು. ಅವನಿಗೆ ಕಳುಹಿಸಿದವನು ಮಾತ್ರ ನಾನೇ.